ಮೂರನೆಯ ಕೈ

ಬಸ್ಸು ಮಧುರೆಯ ಹೊರವಲಯ ಮುಟ್ಟುವ ಹೊತ್ತಿಗೆ ಸವರಿಮುತ್ತುವಿಗೆ ತಾನು ಮನೆಗೆ ಬೀಗ ಹಾಕಿ ಬಂದೆನೋ ಇಲ್ಲವೋ ಎಂಬ ಅನುಮಾನ ಹತ್ತಿಕೊಂಡಿತು. ಮನೆಯಲ್ಲಿ ಹೆಂಡತಿ ಲೂರ್ದಮ್ಮ ಇದ್ದಾಳೆ, ಹೊರಡುವಾಗ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದು ಕಳಿಸಿದ್ದಾಳೆ, ಅವಳನ್ನು ಒಳಗಿಟ್ಟು ಬೀಗ ಜಡಿಯಲು ತನಗೇನು ತಲೆ ಕೆಟ್ಟಿದೆಯೇ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೂ ಬಲಗೈ ಜೇಬಿನೊಳಗೆ ಹೋಗಿ ಬೀಗದ ಕೈಗಾಗಿ ತಡಕಾಡುವುದನ್ನು ಬಿಡಲಿಲ್ಲ. ಕಣ್ಣು ಬಿಟ್ಟಾಗಿನಿಂದ ಬೀಗಗಳ ನಡುವೆಯೇ ಬದುಕಿದವನಿಗೆ ತನ್ನ ಮನೆಯ ಬಾಗಿಲಿನ ಮೇಲೆ ಅನುಮಾನ ಬಂದದ್ದು ಇದೇ ಮೊದಲು. ಅನುಮಾನ ಎನ್ನುವುದು ಬೀಗ ಮಾಡಿಯೇ ಬದುಕಿದ ದಿಂಡಿಗಲ್ಲಿನ ಜನಕ್ಕೆ ಅನ್ನ ಹಾಕಿದ ದೇವರು. ಊರೂರಿನವರು ಒಬ್ಬರನ್ನೊಬ್ಬರು ನಂಬಿಕೊಂಡಿದ್ದಿದ್ದರೆ ಅವನ ಅಪ್ಪ ಹಸಿದು ಸಾಯುತ್ತಿದ್ದ. ಆದರೆ ಅದು ಯಾವಾಗಲೂ ಕೊಳ್ಳುವವರಿಗೆ ಕಳ್ಳರ ಮೇಲಿದ್ದ ಅನುಮಾನ. ಅದು ತಿರುಗಿ ಬೀಗ ಮಾಡಿದವನ ಮೇಲೆಯೇ ಬಂದು ಕೂರಬಹುದೆಂದು ಅವನು ಎಣಿಸಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವಳು ಇಳಿಯುವ ಸ್ಟಾಪು ಬಂದಿತ್ತು, ಅಷ್ಟೆ. ಆದರೂ ಅವನ ಮುಖ ಬಿಸಿಯಾಯಿತು.

ನಡೆದದ್ದು ಹೇಳಹೊರಟರೆ ನಗು ಬರುವಷ್ಟು ಸಣ್ಣದು. ಮಧುರೆಯಲ್ಲಿ ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲ್ಲೊಂದು ಕೋಣೆಗೊಂದರಂತೆ ಬೀಗ ಬೇಕೆಂದು ಅವನಿಗೆ ಹೇಳಿತ್ತು. ಎಲ್ಲರೂ ಅಲಿಗಢದ ಕಾರ್ಖಾನೆಯ ಬೀಗ ಕೊಳ್ಳುವ ಈ ಕಾಲದಲ್ಲಿ ಕೈಯಲ್ಲಿ ಮಾಡಿದ ದಿಂಡಿಗಲ್ ಬೀಗವೇ ಆಗಬೇಕೆಂದು ವಾರ್ಡನ್ ವೇದನಾಯಕಿ ಮೇಡಂ ಹಟ ಹಿಡಿದಿದ್ದರು. ಅದುಮಿದರೆ ತಾನೇ ಬಿದ್ದುಕೊಳ್ಳುವ ಬೀಗ. ಪ್ರತಿ ಬೀಗಕ್ಕೆ ಎರಡು ಕೈ, ಒಂದು ಹುಡುಗಿಯ ಹತ್ತಿರ, ಇನ್ನೊಂದು ವಾರ್ಡನ್ ಹತ್ತಿರ. ಬೀಗದ ಹೊಟ್ಟೆಯ ಮೇಲೆ ಹಾಸ್ಟೆಲ್ಲಿನ ಹೆಸರು, ಕೋಣೆಯ ನಂಬರು. ಸವರಿಮುತ್ತುವೂ ಅವನ ಇಬ್ಬರು ಮುದುಕ ಕೆಲಸಗಾರರೂ ಬೇಸಗೆಯಿಡೀ ಕೂತು ಬಡಿದು, ಉಜ್ಜಿ, ಒಂದರ ಕೈ ಇನ್ನೊಂದಕ್ಕೆ ಹೊಂದದಂತೆ ನೋಡಿಕೊಂಡು, ಪೆಟ್ಟಿಗೆಗಳಲ್ಲಿ ಹುಲ್ಲು ಹಾಸಿ ಕಳಿಸಿದ್ದರು. ಕಳಿಸುವ ಮುಂಚೆ ಸವರಿಮುತ್ತು ಪ್ರತಿ ಬೀಗಕ್ಕೂ ಮೂರನೆಯದೊಂದು ಕೈ ಮಾಡಿ ಕೆಂಪು ದಾರದಲ್ಲಿ ಕಟ್ಟಿದ. ಯಾರೂ ಕೇಳಿರಲಿಲ್ಲ. ಅದು ಕೊಸರು. ಹುಡುಗಿಯರು, ಎಲ್ಲಾದರೂ ಬೀಳಿಸಿಕೊಳ್ಳುತ್ತಾರೆ, ಇರಲಿ ಎಂದು. ಅವನ ಬೀದಿಯಲ್ಲಿ ಸೊಪ್ಪಿನವಳು ಒಂದು ಎಸಳು ಕರಿಬೇವು ಹಾಕದೆ ಬುಟ್ಟಿ ಎತ್ತುವುದಿಲ್ಲ, ಹೂವಿನವಳು ಮೊಳ ಅಳೆದ ಮೇಲೆ ನಾಲ್ಕು ಹೂವು ಜಾಸ್ತಿ ಬಿಟ್ಟೇ ದಾರ ಕತ್ತರಿಸುತ್ತಾಳೆ. ಅಪ್ಪನ ಕಾಲದಲ್ಲಿ ಹಳ್ಳಿಯವರು ಬೀಗ ಕೊಂಡ ಮೇಲೂ ಅಂಗಡಿಯ ಮೆಟ್ಟಿಲಿಳಿಯದೆ ಅಂಗೈ ಚಾಚಿ ನಿಂತಿರುತ್ತಿದ್ದರು. ಅಪ್ಪ ಬೈಯುತ್ತ, ಗೊಣಗುತ್ತ, ಒಂದು ಚಿಲಕದ ಮೊಳೆಯನ್ನೋ ಕಾಗದದಲ್ಲಿ ಒಂದಿಷ್ಟು ಗ್ರೀಸನ್ನೋ ಆ ಅಂಗೈಗೆ ಹಾಕುತ್ತಿದ್ದ. ಆಮೇಲೆಯೇ ವ್ಯಾಪಾರ ಮುಗಿಯುತ್ತಿದ್ದದ್ದು. ಕೇಳಿದಷ್ಟನ್ನೇ ಅಳೆದು ಕೊಡುವವನನ್ನು ಆ ಬೀದಿಯಲ್ಲಿ ಯಾರೂ ಪ್ರಾಮಾಣಿಕ ಅನ್ನುವುದಿಲ್ಲ, ಜಿಪುಣ ಅನ್ನುತ್ತಾರೆ.

ಬೀಗಗಳು ತಲುಪಿದ ಮಾರನೆಯ ದಿನವೇ ವಾರ್ಡನ್ ಫೋನು ಮಾಡಿದ್ದರು. "ಎರಡು ಕೈ ಅಂತ ತಾನೇ ಹೇಳಿದ್ದು? ಇದೇನ್ರೀ ಇದು, ಮೂರನೇ ಕೈ? ಯಾರದ್ದಿದು?" ಅವನು ಹಿಗ್ಗಿನಿಂದಲೇ "ಕೊಸರು ಮೇಡಂ" ಅಂದ. ಆ ಕಡೆಯಿಂದ ಬಂತು: "ಕೇಳದೇ ಮೂರು ಮಾಡಿದೋರು ನಾಲ್ಕನೇದು ಮಾಡಿ ಇಟ್ಕೊಂಡಿಲ್ಲ ಅಂತ ನಾನು ಹೆಂಗ್ ನಂಬ್ಲಿ? ಇವು ಹೆಣ್ಣುಮಕ್ಕಳ ರೂಮು ಕಣ್ರೀ." ಇಲ್ಲಿ ಸವರಿಮುತ್ತು ನಕ್ಕುಬಿಟ್ಟ. ಮೇಡಂ ತಮಾಷೆ ಮಾಡುತ್ತಿದ್ದಾರೆಂದು ಅವನಿಗೆ ಅನ್ನಿಸಿತ್ತು. "ನಗ್ತೀರಾ? ಗಾಡಿ ತಂದು ನಿಮ್ಮ ಬೀಗ ಎಲ್ಲಾ ವಾಪಸ್ ತಗೊಂಡ್ಹೋಗಿ," ಎಂದಿತು ಫೋನು. ಆ ನಗು ಈಗ ಬಸ್ಸಿನಲ್ಲಿ ಕೂತವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು. ನಗದೇ ಇದ್ದಿದ್ದರೆ? "ತಪ್ಪಾಯ್ತು" ಎಂದು ಒಂದೇ ಮಾತು ಹೇಳಿದ್ದರೆ? ಅವನ ಹಣೆಬರಹವೇ ಅದು, ಒಂದು ಮಾತು ಸಾಕಾದಲ್ಲಿ ಎರಡು ಆಡುತ್ತಾನೆ. ಹೆಣ್ಣು ನೋಡಲು ಹೋದ ದಿನ ಮಾವ "ಹುಡುಗಿ ಒಪ್ಪಿಗೆಯಾ" ಎಂದು ಕೇಳಿದಾಗ "ಒಪ್ಪಿಗೆ" ಅಂದು ಸುಮ್ಮನಿರದೆ "ಕಪ್ಪಾದರೂ ಲಕ್ಷಣವಾಗಿದಾಳೆ" ಅಂದಿದ್ದ. ಲೂರ್ದಮ್ಮ ಇವತ್ತಿಗೂ ಅದನ್ನು ಸಾರಿನ ಜೊತೆ ಬಡಿಸುತ್ತಾಳೆ.

ಫೋನು ಇಟ್ಟ ಗಳಿಗೆಯಿಂದ ಅವನಿಗೆ ನಾಲ್ಕನೆಯ ಕೈ ಕಾಣಿಸತೊಡಗಿತು. ಮಾಡಿರಲಿಲ್ಲ, ಮಾಡಿರಲೇ ಇಲ್ಲ. ಆದರೂ ಮಾಡಿಲ್ಲ ಎಂಬುದನ್ನು ಒಬ್ಬ ಮನುಷ್ಯ ತೋರಿಸುವುದು ಹೇಗೆ? ಇರುವುದನ್ನು ಕೈಯಲ್ಲಿ ಹಿಡಿದು ತೋರಿಸಬಹುದು. ಇಲ್ಲದ್ದನ್ನು ಯಾವ ತಟ್ಟೆಯಲ್ಲಿಟ್ಟು ತೋರಿಸುವುದು? ಅವನು ಕುಲುಮೆಯ ಬೂದಿ ಕೆದಕಿದ, ಅರದ ಪುಡಿಯನ್ನು ಜಾಲಾಡಿದ, ಕೆಲಸಗಾರರು ಊಟಕ್ಕೆ ಹೋದಾಗ ಅವರ ಡಬ್ಬಿಗಳನ್ನು ಅಲುಗಾಡಿಸಿ ನೋಡಿದ. ಅವರಲ್ಲೊಬ್ಬರು ಕಾದರ್ ರಾವುತರ್, ಅವನನ್ನು ಎತ್ತಿ ಆಡಿಸಿದ ಮನುಷ್ಯ. ಅವರ ಡಬ್ಬಿಯಲ್ಲಿ ಹಳೆಯ ಕನ್ನಡಕವೂ ಒಣಗಿದ ನೆಲ್ಲಿಕಾಯಿಯೂ ಸಿಕ್ಕಿದವು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮನೆಗೆ ಬಂದು ಮಂಚದಡಿಗೆ ಬಗ್ಗಿದಾಗ ಲೂರ್ದಮ್ಮ, "ಏನ್ ಹುಡುಕ್ತಿದೀರಿ?" ಅಂದಳು. "ಇಲ್ಲದ್ದನ್ನ." "ಸಿಕ್ಕಿದ್ರೆ ನನ್ನ ಕಿವಿಯೋಲೇನೂ ಅಲ್ಲೇ ಇರ್ಬೋದು, ನೋಡಿ," ಎಂದು ಅವಳು ಒಳಗೆ ಹೋದಳು. ಹೋದವಳು ತಿರುಗಿ ಬಂದು ಮೆಲ್ಲಗೆ ಕೇಳಿದಳು: "ನೀವು ಮಾಡಿಲ್ಲ ತಾನೇ?" ಅವಳು ಕೇಳಬಾರದಿತ್ತು.

ಅಕ್ಕನ ಮಗ ಇನ್ನಾಸಿ ವಕೀಲ. ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಅವನನ್ನು ಹಿಡಿದಾಗ ಅವನು ವಡೆ ಮುರಿಯುತ್ತ ಇಡೀ ಕಾನೂನನ್ನು ಹೇಳಿ ಮುಗಿಸಿದ. "ಮಾರೋನ ಕರ್ತವ್ಯ ಏನು ಮಾಮಾ? ಒಪ್ಕೊಂಡ ಮಾಲನ್ನ, ಒಪ್ಕೊಂಡಷ್ಟನ್ನ, ಒಪ್ಕೊಂಡ ಜಾಗಕ್ಕೆ ತಲುಪಿಸೋದು. ಕಡಿಮೆ ಕೊಟ್ರೂ ತಪ್ಪು, ಜಾಸ್ತಿ ಕೊಟ್ರೂ ತಪ್ಪು."

"ಜಾಸ್ತಿ ಕೊಟ್ರೆ ಹೆಂಗೋ ತಪ್ಪಾಗತ್ತೆ? ಮುಂದಿನ ಸಲ ನಿಮ್ಮಮ್ಮ ನಿಂಗೆ ಇನ್ನೊಂದು ಇಡ್ಲಿ ಹಾಕಿದ್ರೆ ಕೇಸ್ ಹಾಕು."

"ಅಮ್ಮ ಇಡ್ಲಿ ಮಾರಲ್ಲವಲ್ಲ. ಜಾಸ್ತಿ ಬಂದಾಗ ಕೊಂಡೋರು ತಮಗೆ ಬೇಕಾದಷ್ಟು ಇಟ್ಕೊಂಡು ಮಿಕ್ಕಿದ್ದು ಬೇಡ ಅನ್ನಬಹುದು. ಇಲ್ಲಾ, ಪೂರಾ ಬೇಡ ಅನ್ನಬಹುದು. ಅದು ಅವರಿಷ್ಟ."

"ನನ್ನಿಷ್ಟ?"

"ನಿಮ್ಮಿಷ್ಟ ಅನ್ನೋದು ಆ ಪುಟದಲ್ಲಿಲ್ಲ ಮಾಮಾ," ಅಂದ ಇನ್ನಾಸಿ. ಮಾವನ ಮುಖ ನೋಡಿ ಕನಿಕರವಾಗಿರಬೇಕು, ಬೆರಳು ಒರೆಸಿಕೊಂಡು ಸೇರಿಸಿದ: "ಮೂರನೇ ಕೈಗಳನ್ನ ಅವರೆದುರಿಗೇ ಮುರಿದುಬಿಡ್ತೀನಿ ಅನ್ನಿ. ಕೇಳಿಕೊಳ್ಳಿ. ಆದ್ರೆ ಕೈ ಮುಗಿದು ಹೇಳ್ತೀನಿ, ಕೇಳಿದ್ದಕ್ಕಿಂತ ಜಾಸ್ತಿ ಒಂದು ಮಾತೂ ಆಡ್ಬೇಡಿ."

ಹೆಸರು, ನಂಬರು ಒತ್ತಿದ ಬೀಗಗಳನ್ನು ಬೇರೆ ಯಾರೂ ಕೊಳ್ಳುವುದಿಲ್ಲ. ಹಿಂದಕ್ಕೆ ಬಂದರೆ ಕಬ್ಬಿಣದ ತೂಕಕ್ಕೆ ಹೋಗುತ್ತವೆ, ಕುಲುಮೆ ಆರುತ್ತದೆ, ಆ ಇಬ್ಬರು ಮುದುಕರಿಗೆ ನಾಳೆಯಿಂದ ಬರಬೇಡಿ ಎಂದು ತಾನೇ ಹೇಳಬೇಕು. ಹಾಸ್ಟೆಲ್ಲಿನ ಜಗಲಿಯ ಬೆಂಚಿನ ಮೇಲೆ ಕೂತು ಅವನು ಇದನ್ನೇ ಜಗಿಯುತ್ತಿದ್ದ. ಎದುರಿಗೆ ಗೋಡೆಯ ಪಕ್ಕ ಅವನ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ಒಂದರ ಮುಚ್ಚಳ ಓರೆಯಾಗಿತ್ತು, ಹುಲ್ಲು ಹೊರಗೆ ಚಾಚಿಕೊಂಡಿತ್ತು. ಅದನ್ನು ಒಳಕ್ಕೆ ತುರುಕೋಣವೆಂದು ಎದ್ದವನು ಅರ್ಧದಲ್ಲೇ ನಿಂತ. ಈಗ ಅದು ತನ್ನ ಪೆಟ್ಟಿಗೆಯೋ ಅವರ ಪೆಟ್ಟಿಗೆಯೋ? ಮುಟ್ಟಬಹುದೋ ಇಲ್ಲವೋ? ಹಾಗೆ ನಿಂತಿರುವಾಗಲೇ ಬಿಳಿ ಸಮವಸ್ತ್ರದ ಹುಡುಗಿಯರು ಸಾಲಾಗಿ ಹಾದುಹೋದರು, ರಾತ್ರಿಯ ಡ್ಯೂಟಿ ಮುಗಿಸಿ ಬಂದವರು, ಕಣ್ಣೆಲ್ಲ ಕೆಂಪು. ಅವನು ಕಣ್ಣು ಕೆಳಗೆ ಹಾಕಿದ. ಹಾಕಿದ ಮೇಲೆ, ಕಣ್ಣು ಕೆಳಗೆ ಹಾಕಿದ್ದೇ ತಪ್ಪು ಮಾಡಿದವನ ಲಕ್ಷಣದಂತೆ ಕಾಣುತ್ತದೆಯೇನೋ ಎಂದು ಮತ್ತೆ ಮೇಲೆತ್ತಿದ. ಎತ್ತಿದಾಗ ಒಬ್ಬಳು ನೇರ ಅವನನ್ನೇ ನೋಡುತ್ತಿದ್ದಳು. ಅವನು ಗಡಬಡಿಸಿ ನಮಸ್ಕಾರ ಮಾಡಿದ. ಹಿಂದಿನಿಂದ ಕಿಸಕ್ಕೆಂದು ನಗು ಬಂತು.

ವೇದನಾಯಕಿ ಮೇಡಂ ಅವನು ಊಹಿಸಿಕೊಂಡಿದ್ದಂತೆ ಇರಲಿಲ್ಲ. ದಪ್ಪ ಮೈಯ, ಉರಿಮೋರೆಯ ಹೆಂಗಸನ್ನು ಎದುರಿಸಲು ಅವನು ದಾರಿಯುದ್ದಕ್ಕೂ ಸಿದ್ಧವಾಗಿ ಬಂದಿದ್ದ. ಇವರೋ ನಿದ್ದೆಗೆಟ್ಟ, ಸಣಕಲು ಮೈಯ, ಕುರ್ಚಿಯ ತುದಿಯಲ್ಲಿ ಕೂರುವ ಮನುಷ್ಯೆ. "ಕೂತ್ಕೊಳ್ಳಿ," ಅಂದರು. ಅವನು ಕೂರಲಿಲ್ಲ. "ನಿಮ್ಮನ್ನ ಕಳ್ಳ ಅಂತ ನಾನು ಅಂದಿಲ್ಲ ಸವರಿಮುತ್ತು. ಹೋದ ವರ್ಷ ಇಲ್ಲಿ ಒಂದು ರೂಮಿಗೆ ಯಾರೋ ಬಂದಿದ್ದ. ಬೀಗ ಮುರಿದಿರ್ಲಿಲ್ಲ, ಚಿಲಕ ಕಿತ್ತಿರ್ಲಿಲ್ಲ. ಕೈ ಹಾಕಿ ತೆಗೆದು ಬಂದು, ಮತ್ತೆ ಬೀಗ ಹಾಕ್ಕೊಂಡು ಹೋಗಿದ್ದ. ಆ ಹುಡುಗಿ ಓದು ಬಿಟ್ಟು ಊರಿಗೆ ಹೋದ್ಲು. ಅವರಪ್ಪ ನನ್ನನ್ನ ಒಂದೇ ಕೇಳಿದ್ದು: ಇನ್ನೊಂದು ಕೈ ಎಲ್ಲಿತ್ತಮ್ಮಾ ಅಂತ." ಅವರು ಟೇಬಲ್ಲಿನ ಮೇಲಿದ್ದ ಕೆಂಪು ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. "ನಾನು ಎರಡು ಅಂತ ಯಾಕೆ ಹೇಳಿದ್ದೆ ಗೊತ್ತಾ? ಎರಡು ಅಂದ್ರೆ ನನಗೆ ಲೆಕ್ಕ ಸಿಗತ್ತೆ. ಒಂದು ಅವಳ ಹತ್ರ, ಒಂದು ನನ್ನ ಹತ್ರ. ನೀವು ಮೂರು ಅಂದ ತಕ್ಷಣ ಅದಕ್ಕೆ ಕೊನೆಯೇ ಇಲ್ಲದ ಹಾಗಾಯ್ತಲ್ರೀ."

ಅವರ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಬರಲಿಲ್ಲ. ಅವರು ಹೇಳುವುದು ಸರಿ ಎಂದು ಅವನಿಗೆ ಕಂಡುಬಿಟ್ಟಿತು, ತನ್ನ ಕಣ್ಣಿನಿಂದಲೇ, ಆ ಅಪ್ಪನ ಜಾಗದಲ್ಲಿ ನಿಂತು. ತಾನು ಕಟ್ಟಿ ಕಳಿಸಿದ್ದು ಒಂದು ಹಿಡಿ ಪ್ರೀತಿ ಎಂದುಕೊಂಡಿದ್ದ; ಇವರ ಕೈಗೆ ಬಂದಾಗ ಅದು ಬೇರೇನೋ ಆಗಿತ್ತು. "ಮೂರನೇದನ್ನೆಲ್ಲ ಇಲ್ಲೇ ಮುರಿದು ಹಾಕ್ತೀನಮ್ಮ," ಅಂದ. ಅಷ್ಟಕ್ಕೆ ನಿಲ್ಲಿಸಿದ. ನಿಲ್ಲಿಸಲು ನಾಲಿಗೆಯನ್ನು ಹಲ್ಲಿನಲ್ಲಿ ಹಿಡಿದುಕೊಳ್ಳಬೇಕಾಯಿತು. ಮೇಡಂ ತಲೆಯಲ್ಲಾಡಿಸಿದರು. "ನಾಲ್ಕನೇದು?" ಎಂದರು, ದಣಿದ ದನಿಯಲ್ಲಿ.

ಆಗಲೇ ಅಡಿಗೆಯ ಪೇಚಿ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಅಮ್ಮಾ, ಉಗ್ರಾಣದ ಬೀಗ ಬಿದ್ದ್ಬಿಡ್ತು! ಕೈ ಮೂರೂ ಒಳಗೇ ಅದೆ, ಅಕ್ಕಿ ಮೂಟೆ ಮೇಲೆ! ಉಪ್ಪು ತಗೊಂಡು ಹೊರಗೆ ಬಂದು ಸುಮ್ನೆ ಹಿಂಗೆ ಅದುಮಿದ್ದು, ಟಕ್ ಅಂತು!"

"ಮೂರು ಕೈ? ಯಾವ ಬೀಗ ಅದು?"

ಪೇಚಿ ಸವರಿಮುತ್ತುವನ್ನು ನೋಡಿದಳು, ಪೆಟ್ಟಿಗೆಗಳನ್ನು ನೋಡಿದಳು. "ಹಳೇದು ತುಕ್ಕು ಹಿಡಿದು ಬಾಯೇ ಬಿಡ್ತಿರ್ಲಿಲ್ಲಮ್ಮ. ಇವು ಹೆಂಗೂ ಸುಮ್ನೆ ಬಿದ್ದಿದ್ವಲ್ಲಾ ಅಂತ ಒಂದು... ಡ್ಯೂಟಿ ಮುಗಿಸಿ ಬಂದ ಮಕ್ಕಳು ತಟ್ಟೆ ಹಿಡ್ಕೊಂಡು ಕೂತವೆ. ಅಕ್ಕಿ, ಬೇಳೆ, ಎಲ್ಲಾ ಒಳಗೆ."

ಮೇಡಂ ಅವಳನ್ನು ಬೈದರು, ತಮ್ಮನ್ನು ಬೈದುಕೊಂಡರು, ಚಪ್ಪಲಿ ಮೆಟ್ಟಿ ಹೊರಟರು. ಕರೆಯದಿದ್ದರೂ ಸವರಿಮುತ್ತು ಹಿಂದೆಯೇ ಹೋದ. ಉಗ್ರಾಣದ ಬಾಗಿಲಲ್ಲಿ ಅವನ ಬೀಗ ನೇತಾಡುತ್ತಿತ್ತು. ಹುಲ್ಲಿನಲ್ಲಿ ಮಲಗಿದ್ದಾಗ ಕಾಣದ ಗಾಂಭೀರ್ಯ ಈಗ ಅದಕ್ಕೆ ಬಂದಿತ್ತು, ಬಾಗಿಲು ಸಿಕ್ಕಿದ ಮೇಲೆ. ಅವನ ಎದೆಯಲ್ಲಿ ಏನೋ ಎದ್ದು ಕೂತಿತು. ಮೇಡಂ ಬೀಗವನ್ನು ಎಳೆದು ನೋಡಿ, ಅವನ ಕಡೆ ತಿರುಗಿ, ಮೊಟ್ಟಮೊದಲ ಬಾರಿಗೆ ಬೇಡುವ ದನಿಯಲ್ಲಿ ಕೇಳಿದರು: "ನೋಡಿ, ನಾಲ್ಕನೇದು ನಿಮ್ಮ ಹತ್ರ ಇದ್ರೆ ಕೊಟ್ಬಿಡಿ. ನಾನು ಏನೂ ಅನ್ನಲ್ಲ. ನಿಜವಾಗ್ಲೂ ಅನ್ನಲ್ಲ."

"ಇಲ್ಲಮ್ಮ."

"ಎಲ್ಲಾದ್ರೂ? ಊರಲ್ಲಿ?"

"ದೇವರಾಣೆ ಇಲ್ಲಮ್ಮ."

ಮೇಡಂ ಅವನ ಮುಖವನ್ನೇ ನೋಡುತ್ತ ನಿಂತರು. ಅವನೂ ನೋಡಿದ; ಈ ಸಲ ಕಣ್ಣು ಎಲ್ಲಿಡಬೇಕೆಂಬ ಪ್ರಶ್ನೆ ಏಳಲಿಲ್ಲ. "ಇದ್ದಿದ್ರೆ ಈಗ ತೆಗೀತಿದ್ರಿ," ಎಂದರು ಅವರು ನಿಧಾನವಾಗಿ, ತಮಗೆ ತಾವೇ ಎಂಬಂತೆ. "ಇಲ್ಲ ಅಂದ್ರೆ ಇಲ್ಲ. ಸರಿ. ಕೆಂಪು ದಾರದವನ್ನೆಲ್ಲ ನನ್ನೆದುರಿಗೆ ಮುರಿದು ಹೋಗಿ, ಬೀಗ ಇಟ್ಕೋತೀನಿ." ಆಮೇಲೆ ಕಾವಲುಗಾರನಿಗೆ ಕೂಗಿದರು: "ವೀರಣ್ಣಾ, ಹಾರೆ ತಗೊಂಡ್ಬಾ. ಒಡೆದು ಹಾಕು ಇದನ್ನ."

ಮುಗಿದಿತ್ತು. ಸುಮ್ಮನಿದ್ದರೆ ಸಾಕಿತ್ತು. ಅವನು ಗೋಡೆಗೆ ಒರಗಿ ನಿಂತ. ರಾವುತರಿಗೆ ಏನು ಹೇಳುವುದೆಂದು ಮನಸ್ಸು ಆಗಲೇ ಮಾತು ಜೋಡಿಸುತ್ತಿತ್ತು. ಲೂರ್ದಮ್ಮನಿಗೆ ಮಧುರೆಯ ಮಲ್ಲಿಗೆ ಒಯ್ಯಬೇಕು. ವೀರಣ್ಣ ಹಾರೆಯ ತುದಿಯನ್ನು ಬೀಗದ ಕೊಂಡಿಗೆ ಸಿಕ್ಕಿಸಿ ಜಗ್ಗಿದ. ಬೀಗ ಅಲುಗಲಿಲ್ಲ. ಹಾರೆಯನ್ನು ತಿರುಗಿಸಿ ಹಿಡಿದು ಹೊಡೆದ. ಒಂದು ಏಟು ಬಿದ್ದದ್ದೇ ತಡ, ತಟ್ಟೆ ಹಿಡಿದ ಹುಡುಗಿಯರೆಲ್ಲ ಬಂದು ನೆರೆದರು. ಇನ್ನೊಂದು ಏಟು. ಬೀಗದ ಹೊಟ್ಟೆಯ ಮೇಲಿನ ನಂಬರು ಚಪ್ಪಟೆಯಾಯಿತು, ಬಾಯಿ ಬಿಡಲಿಲ್ಲ. "ವೀರಣ್ಣ ಸೋತ! ಬೀಗಕ್ಕೆ ಜೈ!" ಎಂದಳು ಯಾರೋ. ಹಸಿದವರು ಹೇಗೆ ನಗುತ್ತಾರೋ ಹಾಗೆ ಎಲ್ಲರೂ ನಕ್ಕರು. ಸವರಿಮುತ್ತುವಿನ ಕಣ್ಣಲ್ಲಿ ನೀರು ಬಂತು. ಎಂಥ ಬೀಗ! ಒಡೆಯಬಾರದು ಎಂದು ಅವನ ಮನಸ್ಸು ಹೇಳುತ್ತಿತ್ತು, ಬೇಗ ಒಡೆದುಹೋಗಲಿ ಎಂದೂ ಅದೇ ಮನಸ್ಸು ಹೇಳುತ್ತಿತ್ತು. ಪ್ರತಿ ಏಟಿಗೂ ಅವನ ಬೆನ್ನು ಸೆಟೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಂತ ಒಬ್ಬಳು, ಜಗಲಿಯಲ್ಲಿ ಅವನನ್ನೇ ನೋಡಿದ್ದವಳಿರಬೇಕು, ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಕೇಳಿದಳು: "ತಾತ, ಇದು ನೀವೇ ಮಾಡಿದ್ದಾ?"

"ಹೂಂನಮ್ಮಾ."

"ಅಯ್ಯೋ ಪಾಪ. ಏನ್ ಹೊಡೆತ ತಿಂತಿದೆ ನೋಡಿ ಅದು. ನಿಮಗೆ ಹೊಟ್ಟೆ ಉರಿಯಲ್ವಾ?"

ಅವಳು ಅಷ್ಟು ಕೇಳಬಾರದಿತ್ತು, ಅಥವಾ ಅವಳ ಕಣ್ಣು ಅಷ್ಟು ಕೆಂಪಾಗಿರಬಾರದಿತ್ತು, ಅಥವಾ ಅವನು ಬೇರೆ ಅಪ್ಪನಿಗೆ ಹುಟ್ಟಬೇಕಿತ್ತು. ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಅವನು ಮುಂದೆ ಎಷ್ಟು ಸಲ ಕೇಳಿಕೊಂಡರೂ ತಿಳಿಯಲಿಲ್ಲ. "ನಿನ್ನ ತಲೇದು ಆ ಪಿನ್ನು ಕೊಡಮ್ಮ," ಅಂದ. ಅವಳು ನಗುತ್ತ ಜಡೆಯಿಂದ ಪಿನ್ನು ಕಿತ್ತು ಅವನ ಅಂಗೈಗೆ ಹಾಕಿದಳು. ಅವನು ವೀರಣ್ಣನ ಹಾರೆಯನ್ನು ಪಕ್ಕಕ್ಕೆ ಸರಿಸಿ, ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ ಬಗ್ಗಿಸಿ, ಬೀಗವನ್ನು ಎಡಗೈಯಲ್ಲಿ ಎತ್ತಿಕೊಂಡ. ಏಟು ತಿಂದು ಅದು ಬೆಚ್ಚಗಾಗಿತ್ತು. ಕಣ್ಣು ಮುಚ್ಚಿದ. ಒಳಗಿನ ಎರಡು ನಾಲಿಗೆಗಳು ಎಲ್ಲಿವೆ, ಯಾವುದು ಮೊದಲು ಏಳಬೇಕು, ಎಷ್ಟು ಏಳಬೇಕು, ಅವನ ಬೆರಳಿಗೆ ಗೊತ್ತಿತ್ತು. ಟಕ್ಕೆಂದಿತು. ಬೀಗ ಬಾಯಿ ಬಿಟ್ಟಿತು. ಪೇಚಿ "ಅಪ್ಪಾ ದೇವರೇ" ಎಂದು ಬಾಗಿಲು ತಳ್ಳಿಕೊಂಡು ಅಕ್ಕಿಯ ಕಡೆ ಓಡಿದಳು.

ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ ಎಂದು ಅವನು ಕಾದ. ಯಾರೂ ತಟ್ಟಲಿಲ್ಲ. ನಗುವೂ ನಿಂತಿತ್ತು. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು.

"ಹೇರ್‌ಪಿನ್ನಿಗೆ ತೆರೆದುಕೊಳ್ತಲ್ರೀ," ಎಂದರು ಮೇಡಂ.

ತನ್ನ ಬೀಗ ಅಗ್ಗದ್ದು ಎಂದು ಅವರು ತಿಳಿದುಬಿಟ್ಟರೆಂದು ಅವನ ಜೀವ ಚುರುಕ್ಕೆಂದಿತು. "ಇಲ್ಲಮ್ಮ, ಇಲ್ಲ. ಬೇರೆ ಯಾರ ಕೈಲೂ ಆಗಲ್ಲ. ಹಾರೆಗೇ ಜಗ್ಗಲಿಲ್ಲ, ನೀವೇ ನೋಡಿದ್ರಲ್ಲ. ಇಡೀ ಲೋಕದಲ್ಲಿ ನನ್ನೊಬ್ಬನ ಕೈಲಿ ಮಾತ್ರ ಆಗೋದು," ಅಂದ. ಅಂದು ಮುಗಿಸಿದ ಮೇಲೆ ಆ ಮಾತು ಅವನ ಕಿವಿಗೂ ಬಿತ್ತು.

ಮೇಡಂ ಮುಖದಲ್ಲಿ ಸಿಟ್ಟಿರಲಿಲ್ಲ, ಮೊದಲಿನ ಆ ದಣಿವೇ ತಿರುಗಿ ಬಂದಿತ್ತು. ಸವರಿಮುತ್ತು ಬಗ್ಗಿದ ಪಿನ್ನನ್ನು ಉಗುರಿನಿಂದ ಒತ್ತಿ ನೇರ ಮಾಡಿದ, ಅಂಗಿಗೆ ಒರೆಸಿದ, ಹುಡುಗಿಯ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಸರಿದಿದ್ದಳು, ಸರಿದದ್ದು ಅವಳಿಗೂ ತಿಳಿದಿರಲಿಕ್ಕಿಲ್ಲ. ಅವಳ ಕೊರಳಿನ ಕಪ್ಪು ದಾರದಲ್ಲಿ ಟ್ರಂಕಿನದೋ ಏನೋ ಒಂದು ಸಣ್ಣ ಬೀಗದ ಕೈ ತೂಗುತ್ತಿತ್ತು. ಅವಳ ಅಂಗೈ ಅದನ್ನು ಮುಚ್ಚಿಕೊಂಡಿತ್ತು.

"ಇರ್ಲಿ ತಾತ," ಎಂದಳು, ಮರ್ಯಾದೆಯಿಂದಲೇ. "ಬೇಡ. ನೀವೇ ಇಟ್ಕೊಳ್ಳಿ."

ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ತುಸು ಹೊತ್ತು ಹಿಡಿಯಿತು. ಒಳಗೆ ಪೇಚಿ ಅಕ್ಕಿ ಅಳೆಯುವ ಸದ್ದು ಕೇಳುತ್ತಿತ್ತು. ಅವನು ಮೇಡಂ ಕಡೆ ತಿರುಗಿದ, ಅವರು ಬಾಯಿ ತೆರೆಯುವ ಮೊದಲೇ ಕೇಳಿದ:

"ಗಾಡಿ ಯಾವ ಬಾಗಿಲಿಗೆ ತರ್ಲಮ್ಮ?"